ಮಗ ಹೋಳಿಗೆ ಮುಟ್ಟಲಿಲ್ಲ. ನಾನು ಮತ್ತೆ ದೀಕ್ಷಾಸ್ನಾನ ಮಾಡಿಸಿಕೊಳ್ಳಬೇಕೇ?

ಪ್ರಶ್ನೆ: ನಾನು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು 66. ಗದಗ ಜಿಲ್ಲೆಯವಳು. ಬಾಸೆಲ್ ಮಿಷನ್ ಕಾಲದಿಂದ ಕ್ರೈಸ್ತರಾದ ಮನೆತನ ನಮ್ಮದು, ಈಗ ಸಿ.ಎಸ್.ಐ. ಅಂದರೆ ದಕ್ಷಿಣ ಭಾರತ ಸಭೆಯವರು. ಯಜಮಾನರು ತೀರಿಕೊಂಡು ಎಂಟು ವರ್ಷವಾಯಿತು. ಕಿರಿಯ ಮಗ ನನ್ನ ಜೊತೆಗಿದ್ದು ಅಂಗಡಿ ನಡೆಸುತ್ತಾನೆ. ಹಿರಿಯವನು ಬೆಂಗಳೂರಿನಲ್ಲಿ ಒಂದು ಸ್ವತಂತ್ರ ಸಭೆಗೆ ಸೇರಿದ್ದಾನೆ. ಎರಡು ವರ್ಷದ ಹಿಂದೆ ನೀರಿನಲ್ಲಿ ಮುಳುಗಿ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಪಡೆದ. ಈ ದೀಪಾವಳಿಗೆ ಅವನು ಊರಿಗೆ ಬಂದಿದ್ದಾಗ ಪಕ್ಕದ ಮನೆಯ ಕಾಕು ಎಂದಿನಂತೆ ತಟ್ಟೆಯಲ್ಲಿ ಶೇಂಗಾ ಹೋಳಿಗೆ ತಂದರು. ಮಕ್ಕಳಿಬ್ಬರನ್ನೂ ಎತ್ತಿ ಆಡಿಸಿದ ಹೆಂಗಸು ಅವರು. ಹಿರಿಯವನು ಬಾಗಿಲಲ್ಲೇ, "ಇದು ನೈವೇದ್ಯದ್ದು, ನಮಗೆ ಬೇಡ" ಎಂದು ತಟ್ಟೆ ಹಿಂದಿರುಗಿಸಿದ. ಕಾಕು ಒಂದು ಮಾತೂ ಆಡದೆ ಮೆಟ್ಟಿಲು ಇಳಿದು ಹೋದರು. ಅಂದಿನಿಂದ ಅಣ್ಣ ತಮ್ಮಂದಿರಿಗೆ ಮಾತಿಲ್ಲ. ಕ್ರಿಸ್ಮಸ್ಸಿಗೆ ಬಂದರೂ ನಮ್ಮ ಸಭೆಯಲ್ಲಿ ಪ್ರಭುಭೋಜನ (ಯೇಸುವಿನ ನೆನಪಿನ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಳ್ಳುವುದಿಲ್ಲ ಎಂದು ಹಿರಿಯವನು ಹೇಳಿದ್ದಾನೆ. ನನ್ನ ಬಾಲ್ಯದ ದೀಕ್ಷಾಸ್ನಾನ ಲೆಕ್ಕಕ್ಕಿಲ್ಲವಂತೆ, ನಾನೂ ಮತ್ತೆ ಪಡೆಯಬೇಕಂತೆ. ಹಾಗಿದ್ದರೆ ಮನೆಗೇ ಬರಬೇಡ ಎನ್ನುತ್ತಾನೆ ಕಿರಿಯವನು. ಯಾರು ಸರಿ? ಮನೆ ಒಂದಾಗುವುದಾದರೆ ನಾನು ಇನ್ನೊಮ್ಮೆ ನೀರಿಗಿಳಿದುಬಿಡಲೇ?

ಉತ್ತರ: ಅಕ್ಕನವರೇ, ನಿಮ್ಮ ಪತ್ರದಲ್ಲಿ ಮೂರು ಗಂಟುಗಳಿವೆ. ಹೋಳಿಗೆಯದು ಒಂದು, ಪ್ರಭುಭೋಜನದ್ದು ಇನ್ನೊಂದು, ನಿಮ್ಮ ದೀಕ್ಷಾಸ್ನಾನದ್ದು ಮೂರನೆಯದು. ಒಂದೇ ಜಗಳದಲ್ಲಿ ಬಂದುದರಿಂದ ಮೂರೂ ಒಂದೇ ಎಂದು ಕಾಣುತ್ತಿವೆ, ಆದರೆ ಒಂದೊಂದನ್ನೂ ಬೇರೆ ರೀತಿಯಲ್ಲಿ ಬಿಚ್ಚಬೇಕು. ಸಭಾಪಾಲಕನಾಗಿ ಮತ್ತು ಹೊಸ ಒಡಂಬಡಿಕೆಯ ಅಧ್ಯಾಪಕನಾಗಿ ನಲವತ್ತು ವರ್ಷ ಕಳೆದವನು ನಾನು. ಇಂಥ ಮನೆಗಳಲ್ಲಿ ಎಷ್ಟೋ ರಾತ್ರಿ ಕೂತಿದ್ದೇನೆ. ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ, ಅದು ನಿಮ್ಮ ನಿದ್ದೆ ಕೆಡಿಸಿರಬೇಕು: ಮಗನನ್ನು ಸಮಾಧಾನಪಡಿಸಲೆಂದು ನೀರಿಗಿಳಿಯಬೇಡಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಹೋಳಿಗೆಯಿಂದ ಆರಂಭಿಸೋಣ. "ಇದೆಲ್ಲ ಹೊಸ ಸಭೆಯವರು ಹುಟ್ಟಿಸಿದ ಮಡಿ, ಸತ್ಯವೇದದಲ್ಲಿಲ್ಲ" ಎಂದು ನಮ್ಮ ಹಳೆಯ ಸಭೆಗಳಲ್ಲಿ ಹೇಳುವುದುಂಟು. ಅದು ನಿಜವಲ್ಲ. ಸುಮಾರು ಕ್ರಿ.ಶ. 49ರಲ್ಲಿ ಯೆರೂಸಲೇಮಿನಲ್ಲಿ ಸೇರಿದ ಅಪೊಸ್ತಲರು, ಹಿರಿಯರು ಅನ್ಯಜನರಿಂದ, ಅಂದರೆ ಯೆಹೂದ್ಯರಲ್ಲದವರಿಂದ, ಬಂದ ವಿಶ್ವಾಸಿಗಳಿಗೆ ಪತ್ರ ಬರೆದಾಗ ವಿಗ್ರಹಕ್ಕೆ ಅರ್ಪಿಸಿದ್ದನ್ನು ಬಿಡಿ ಎಂದು ಸ್ಪಷ್ಟವಾಗಿ ಹೇಳಿದರು. ಅಪೊಸ್ತಲರ ಕೃತ್ಯಗಳು 15ನೇ ಅಧ್ಯಾಯ ನೋಡಿ. ಪೆರ್ಗಮ, ಥುವತೈರ ಸಭೆಗಳಿಗೆ ಇದೇ ವಿಷಯದಲ್ಲಿ ಗದರಿಕೆ ಬಂದದ್ದು ಪ್ರಕಟನೆ ಗ್ರಂಥದಲ್ಲಿದೆ. ಆದಿ ಸಭೆಯ ಕೈಪಿಡಿಯಾದ ದಿದಖೆ ಕೂಡ ಇಂಥ ಆಹಾರದಿಂದ ದೂರವಿರಿ ಎನ್ನುತ್ತದೆ. ನಿಮ್ಮ ಹಿರಿಯ ಮಗ ಗಾಳಿಯಲ್ಲಿ ಮಾತಾಡುತ್ತಿಲ್ಲ. ಅವನ ಬೆನ್ನಿಗೆ ಹಳೆಯ ಸಾಕ್ಷ್ಯವಿದೆ, ಇದನ್ನು ಕಿರಿಯವನಿಗೆ ತಿಳಿಸಿ.

ಆ ಹೋಳಿಗೆ ತಿಂದರೆ ದುರಾತ್ಮ ಹೊಕ್ಕುತ್ತದೆ ಎಂಬ ಮಾತೂ ಚಾಲ್ತಿಯಲ್ಲಿದೆ. ಅದೂ ನಿಜವಲ್ಲ. ವಿಗ್ರಹ ಏನೂ ಅಲ್ಲ, ಆಹಾರ ನಮ್ಮನ್ನು ದೇವರ ಹತ್ತಿರಕ್ಕೂ ಒಯ್ಯದು, ದೂರಕ್ಕೂ ತಳ್ಳದು ಎಂದು ಅಪೊಸ್ತಲ ಪೌಲನೇ ಕೊರಿಂಥದ ಸಭೆಯವರಿಗೆ ಬರೆದ. ಅವನು ಗೆರೆ ಎಳೆದ ರೀತಿ ನೋಡಿ. ಗುಡಿಯೊಳಗೆ ಕೂತು ಆ ದೇವರ ಹೆಸರಿನ ಪಂಕ್ತಿಯಲ್ಲಿ ಊಟ ಮಾಡುವುದು ಬೇಡ. ಪೇಟೆಯಲ್ಲಿ ಮಾರುವುದನ್ನು ವಿಚಾರಿಸದೆ ಕೊಂಡು ತಿನ್ನಿ. ನೆರೆಯವನು ಊಟಕ್ಕೆ ಕರೆದರೆ ಬಡಿಸಿದ್ದನ್ನು ಪ್ರಶ್ನೆ ಕೇಳದೆ ತಿನ್ನಿ. ಆದರೆ ಊಟದ ಹೊತ್ತಿನಲ್ಲಿ ಯಾರಾದರೂ "ಇದು ನೈವೇದ್ಯ ಮಾಡಿದ್ದು" ಎಂದು ಎತ್ತಿ ಹೇಳಿದರೆ, ಹೇಳಿದವನ ಮನಸ್ಸಾಕ್ಷಿಯ ಸಲುವಾಗಿ ಬಿಡಿ. ಪದಾರ್ಥ ಒಂದೇ; ಎಲ್ಲಿ, ಯಾರ ಜೊತೆ, ಯಾವ ಅರ್ಥದಲ್ಲಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಈಗ ನಿಮ್ಮ ಬಾಗಿಲಿಗೆ ಬನ್ನಿ. ಕಾಕು ತಂದದ್ದು ದೇವರ ಮುಂದಿಟ್ಟ ಎಡೆಯೇ, ಹಬ್ಬಕ್ಕೆಂದು ಬುಟ್ಟಿ ತುಂಬ ಮಾಡಿದ್ದರಲ್ಲಿ ನಾಲ್ಕೇ? ನಿಮ್ಮ ಪತ್ರದಿಂದ ತಿಳಿಯದು. ಅವರಂತೂ ಹೇಳಿರಲಿಲ್ಲ. ವಿಚಾರಿಸಬೇಡಿ ಎಂದು ಪೌಲ ಹೇಳಿದ ಜಾಗದಲ್ಲಿ ನಿಮ್ಮ ಮಗ ತಾನೇ ಪ್ರಶ್ನೆ ಎತ್ತಿ ತಾನೇ ಉತ್ತರ ಕೊಟ್ಟ. ತಿನ್ನದಿರುವುದು ಅವನ ಹಕ್ಕು. ತಟ್ಟೆಯನ್ನು ಹಿಂದಕ್ಕೆ ತಳ್ಳುವ ಹಕ್ಕು ಅದರೊಳಗೆ ಸೇರಿಲ್ಲ.

"ದುರ್ಬಲ ಸಹೋದರ" ಎಂಬ ಪೌಲನ ಮಾತು ನಮ್ಮಲ್ಲಿ ಬಹಳ ಸವೆದಿದೆ. ತಿನ್ನುವವರು ತಿನ್ನದವರನ್ನು ದುರ್ಬಲರು ಎಂದು ಕೆಳಗೆ ನೋಡುತ್ತಾರೆ. ತಿನ್ನದವರು "ನೀವು ತಿಂದರೆ ನಾನು ಎಡವುತ್ತೇನೆ" ಎಂದು ಇಡೀ ಮನೆಯನ್ನು ಕಟ್ಟಿಹಾಕುತ್ತಾರೆ. ಎಡವುವುದೆಂದರೆ ಸಿಟ್ಟಾಗುವುದಲ್ಲ, ಬೇಸರವಾಗುವುದೂ ಅಲ್ಲ. ಎಡವುವುದೆಂದರೆ ಏನೆಂದು ನಾನು ಕಲಿತದ್ದು ನನ್ನ ತಪ್ಪಿನಿಂದ.

ಸೇವೆಗೆ ಸೇರಿದ ಮೂರನೆಯ ವರ್ಷ. ಎಳ್ಳ ಅಮಾವಾಸ್ಯೆಯ ದಿನ ಒಬ್ಬ ರೈತರು ಹೊಲಕ್ಕೆ ಊಟಕ್ಕೆ ಕರೆದಿದ್ದರು. ಚರಗ ಚೆಲ್ಲಿ ಆದ ಮೇಲೆ ಬನ್ನಿ ಮರದ ನೆರಳಿನಲ್ಲಿ ಎಲ್ಲರೂ ಕೂತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿ ಪಲ್ಯ, ಕಡಬು. ಆ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದ ಒಬ್ಬ ಹೆಂಗಸು ನಮ್ಮ ಸಭೆಗೆ ಹೊಸದಾಗಿ ಸೇರಿದ್ದಳು. ಹಿಂದೆ ವರ್ಷಗಟ್ಟಲೆ ದೇವಿಯ ಪಡ್ಡಲಗಿ (ಬುಟ್ಟಿ) ಹೊತ್ತು ತಿರುಗಿದವಳು, ಆ ಭಯವನ್ನು ಬಿಟ್ಟು ಬಂದವಳು. ಆಕೆ ಕಡಬನ್ನು ಎಲೆಯ ಅಂಚಿಗೆ ಸರಿಸಿದಳು. ನಾನು ಎಲ್ಲರೆದುರು ನಗುತ್ತ, "ತಿನ್ನಮ್ಮಾ, ಏನೂ ಆಗುವುದಿಲ್ಲ, ವಿಗ್ರಹ ಏನೂ ಅಲ್ಲ" ಎಂದೆ. ಅಯ್ಯನವರು ಹೇಳಿದ ಮೇಲೆ ತಿನ್ನದಿದ್ದರೆ ಹೇಗೆ? ತಿಂದಳು. ತುತ್ತು ಎತ್ತುವಾಗ ಆಕೆಯ ಬೆರಳು ನಡುಗುತ್ತಿದ್ದುದನ್ನು ನಾನು ನೋಡಿದೆ, ನೋಡಿಯೂ ನನ್ನ ಜ್ಞಾನದ ಬಗ್ಗೆ ಹಿಗ್ಗಿದೆ. ಮುಂದಿನ ನಾಲ್ಕು ತಿಂಗಳು ಆಕೆ ಸಭೆಗೆ ಬರಲಿಲ್ಲ. ಹುಡುಕಿಕೊಂಡು ಹೋದಾಗ, "ಅಮ್ಮ ಮತ್ತೆ ಕರೀತಾಳ್ರಿ, ನಾ ಆಕಿ ಎಡಿ ಉಂಡೀನಿ" ಎಂದು ಅತ್ತಳು. ನನ್ನ ಮಾತು ಸಿದ್ಧಾಂತದ ಪ್ರಕಾರ ಸರಿಯಾಗಿತ್ತು. ಆಕೆಯ ಒಳಗೆ ಮಾತ್ರ ಅದು ಹಳೆಯ ಯಜಮಾನಿಗೆ ಮತ್ತೆ ತಲೆಬಾಗಿದಂತೆ ಆಗಿತ್ತು. ಪೌಲ ಹೇಳುವ ಎಡವುವಿಕೆ ಇದು: ಒಬ್ಬರ ಬಲವಂತಕ್ಕೋ ಮುಲಾಜಿಗೋ ಸಿಕ್ಕಿ, ತಪ್ಪೆಂದು ತಾನು ನಂಬಿದ್ದನ್ನು ತಾನೇ ಮಾಡುವುದು.

ಈ ಅಳತೆಗೋಲನ್ನು ನಿಮ್ಮ ಮನೆಯಲ್ಲಿ ಇಟ್ಟು ನೋಡಿ. ಕಿರಿಯವನು ಹೋಳಿಗೆ ತಿಂದರೆ ಹಿರಿಯವನು ಎಡವುತ್ತಾನೆಯೇ? ಇಲ್ಲ, ಅವನು ತಿನ್ನಲು ಹೋಗುವುದೇ ಇಲ್ಲ, ಅವನಿಗೆ ಆಗುವುದು ಬೇಸರ. ನಿಜವಾಗಿ ಎಡವುವ ಅಂಚಿನಲ್ಲಿರುವವರು ನೀವು. ಎಳೆಯ ಮಗುವಾಗಿದ್ದಾಗ ನಿಮ್ಮ ತಂದೆ ತಾಯಿ ಮಾಡಿಸಿದ ದೀಕ್ಷಾಸ್ನಾನದಲ್ಲಿ ದೇವರು ನಿಮ್ಮನ್ನು ಹಿಡಿದನೆಂದು ನೀವು ಅರವತ್ತಾರು ವರ್ಷ ನಂಬಿ ಬದುಕಿದ್ದೀರಿ. ಈಗ ಮಗನ ಮುಖ ನೋಡಿ ಅದು ಸುಳ್ಳೆಂದು ನೀರಿನಲ್ಲಿ ನಿಂತು ಸಾರುವುದೆಂದರೆ, ನನ್ನ ಮಾತು ಕೇಳಿ ಆ ಹೆಂಗಸು ಕಡಬು ತಿಂದಂತೆಯೇ. ನಂಬಿಕೆಯಿಂದ ಬಾರದ್ದೆಲ್ಲವೂ ಪಾಪ ಎಂಬ ರೋಮಾಪುರದ ಪತ್ರಿಕೆಯ ಮಾತನ್ನು ಹಿರಿಯ ಮಗ ಬಲ್ಲವನಾಗಿರುತ್ತಾನೆ. ಆ ಮಾತು ತಾಯಿಗೂ ಅನ್ವಯಿಸುತ್ತದೆ ಎಂದು ಅವನಿಗೆ ಹೇಳಿ. ಮನೆಯಲ್ಲಿ ಎಲ್ಲರ ಮನಸ್ಸಾಕ್ಷಿಯನ್ನೂ ಗಣನೆಗೆ ತೆಗೆದುಕೊಳ್ಳುವ ನಾವು, ಸಂಧಾನಕ್ಕೆ ನಿಂತ ಹೆಂಗಸಿಗೂ ಒಂದು ಮನಸ್ಸಾಕ್ಷಿ ಇದೆಯೆಂಬುದನ್ನು ಮರೆತುಬಿಡುತ್ತೇವೆ. ಇದನ್ನು ಎಷ್ಟೋ ಮನೆಗಳಲ್ಲಿ ನೋಡಿ ನೊಂದಿದ್ದೇನೆ.

ಹಾಗಾದರೆ ಮಗನ ನಿಲುವು ಬರೀ ಹಟವೇ? ಅಲ್ಲ. ಇಲ್ಲಿ ಒಂದು ಹಳೆಯ ಸಂಗತಿಯನ್ನು ಹೇಳಲೇಬೇಕು. ಏಕೆಂದರೆ ಅದು ನಮ್ಮ ಕಡೆಯ ತಪ್ಪು. 1815ರಲ್ಲಿ ಹುಟ್ಟಿ, 1834ರಲ್ಲಿ ಮಂಗಳೂರಿಗೂ 1837ರಲ್ಲಿ ಧಾರವಾಡಕ್ಕೂ ಬಂದ ಬಾಸೆಲ್ ಮಿಷನ್ನಿನ ತವರು ಸ್ವಿಟ್ಜರ್ಲೆಂಡ್. ಅದೇ ದೇಶದ ಜೂರಿಕ್ ನಗರದಲ್ಲಿ 1525ರಲ್ಲಿ ಕೆಲವರು, ಅರಿತು ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಎಂದು ಹೇಳಿ ಮತ್ತೆ ದೀಕ್ಷಾಸ್ನಾನ ಪಡೆದರು. ಪ್ರೊಟೆಸ್ಟಂಟ್ ಸುಧಾರಣೆಯ ಪಕ್ಷದಲ್ಲಿದ್ದ ನಗರಸಭೆಯೇ ಅವರಲ್ಲಿ ಒಬ್ಬನಾದ ಫೆಲಿಕ್ಸ್ ಮಾನ್ಜ್ ಎಂಬವನ ಕೈಕಾಲು ಕಟ್ಟಿಸಿ, 1527ರ ಜನವರಿ 5ರಂದು ಲಿಮ್ಮಾತ್ ಹೊಳೆಯಲ್ಲಿ ಮುಳುಗಿಸಿ ಕೊಲ್ಲಿಸಿತು. ನೀರು ಬೇಕೆಂದವನಿಗೆ ನೀರಿನಲ್ಲೇ ಸಾವು. ಜೂರಿಕ್‌ನ ಸುಧಾರಿತ ಸಭೆ ಈ ಪಾಪವನ್ನು ಬಹಿರಂಗವಾಗಿ ಒಪ್ಪಿಕೊಂಡು ಹೊಳೆಯ ದಂಡೆಯಲ್ಲಿ ನೆನಪಿನ ಕಲ್ಲು ಇಟ್ಟದ್ದು 2004ರಲ್ಲಿ. ನಿಮ್ಮ ಮಗ ಹಿಡಿದಿರುವ ನಂಬಿಕೆಗೆ ಜನ ಪ್ರಾಣ ಕೊಟ್ಟಿದ್ದಾರೆ. ಶಿಶುಗಳಿಗೂ ದೀಕ್ಷಾಸ್ನಾನ ಕೊಡುವ ಪದ್ಧತಿ ಕ್ರಿ.ಶ. 200ರ ಹೊತ್ತಿಗೇ ಇತ್ತೆಂಬುದೂ ಅಷ್ಟೇ ನಿಜ. ಉತ್ತರ ಆಫ್ರಿಕದ ಕಾರ್ಥೇಜಿನ ಕ್ರೈಸ್ತ ಲೇಖಕ ತೆರ್ತುಲ್ಲಿಯನ್ ಅದನ್ನು ಆಕ್ಷೇಪಿಸಿ ಬರೆದದ್ದರಿಂದಲೇ ಅದು ನಮಗೆ ಗೊತ್ತು. ಎರಡೂ ಕಡೆ ಪ್ರಾರ್ಥಿಸುವ, ಓದುವ, ಪ್ರಾಮಾಣಿಕರಾದ ಜನರಿದ್ದಾರೆ.

ಇಂಥ ಭೇದಗಳನ್ನು ಇಟ್ಟುಕೊಂಡೇ ಒಂದಾದ ಸಭೆಗಳೂ ಇವೆ. ನಮ್ಮದೇ ದಕ್ಷಿಣ ಭಾರತ ಸಭೆಯನ್ನು ತೆಗೆದುಕೊಳ್ಳಿ. 1919ರಲ್ಲಿ ತರಂಗಂಬಾಡಿಯಲ್ಲಿ ಆರಂಭವಾದ ಮಾತುಕತೆ ಮುಗಿದು, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸೇಂಟ್ ಜಾರ್ಜ್ ಕ್ಯಾಥೆಡ್ರಲ್‌ನಲ್ಲಿ ಆಂಗ್ಲಿಕನ್, ಮೆಥೊಡಿಸ್ಟ್, ಪ್ರೆಸ್ಬಿಟೇರಿಯನ್, ಕಾಂಗ್ರಿಗೇಷನಲ್ ಪರಂಪರೆಗಳು ಕೂಡಿಕೊಂಡವು. ಇಪ್ಪತ್ತೆಂಟು ವರ್ಷ ಹಿಡಿಯಿತು! ಆಗ ಅವರು ಮಾಡಿಕೊಂಡ ಪ್ರತಿಜ್ಞೆ ನನಗೆ ಅತ್ಯಂತ ಪ್ರಿಯವಾದದ್ದು: ಯಾವ ಸಭೆಯ ಮೇಲೂ ಅದಕ್ಕೆ ರೂಢಿಯಿಲ್ಲದ, ಅದರ ಮನಸ್ಸಾಕ್ಷಿ ಒಪ್ಪದ ಆರಾಧನಾ ಕ್ರಮವನ್ನಾಗಲಿ ಸೇವಕರನ್ನಾಗಲಿ ಹೇರುವುದಿಲ್ಲ ಎಂಬ ಮಾತು. ನಂದ್ಯಾಲ ಸೀಮೆಯ ಆಂಗ್ಲಿಕನ್ ಸಭೆಗಳು ಅಂದು ಮನಸ್ಸೊಪ್ಪದೆ ಹೊರಗುಳಿದವು, ಹಲವು ವರ್ಷಗಳ ಮೇಲೆ ಸೇರಿದವು. 1970ರ ನವೆಂಬರ್ 29ರಂದು ನಾಗಪುರದಲ್ಲಿ ಕೂಡಿದ ಉತ್ತರ ಭಾರತ ಸಭೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರಲ್ಲಿ, ಅರಿತು ನಂಬಿದವರಿಗೆ ಮಾತ್ರ ದೀಕ್ಷಾಸ್ನಾನ ಕೊಡುವ ಬ್ಯಾಪ್ಟಿಸ್ಟರೂ ಇದ್ದರು. ಶಿಶುವಿಗೆ ದೀಕ್ಷಾಸ್ನಾನ, ಇಲ್ಲವೇ ಶಿಶುವನ್ನು ಸಮರ್ಪಿಸಿ ದೊಡ್ಡವರಾದ ಮೇಲೆ ದೀಕ್ಷಾಸ್ನಾನ, ಎರಡೂ ಒಂದೇ ಸಭೆಯೊಳಗೆ ನಡೆಯುತ್ತವೆ. ಶಿಶುವಿಗೆ ಕೊಡಲು ಮನಸ್ಸಾಕ್ಷಿ ಒಪ್ಪದ ಸಭಾಪಾಲಕ ತಾನು ಕೊಡಬೇಕಿಲ್ಲ, ಇನ್ನೊಬ್ಬರನ್ನು ಕರೆಸಬಹುದು. ಒಮ್ಮೆ ಪಡೆದದ್ದನ್ನು ಮತ್ತೆ ಕೊಡುವುದನ್ನು ಮಾತ್ರ ಇಂಥ ಸಭೆಗಳು ಒಪ್ಪುವುದಿಲ್ಲ. 1982ರಲ್ಲಿ ಪೆರು ದೇಶದ ಲಿಮಾದಲ್ಲಿ ನಾನಾ ಪರಂಪರೆಗಳ ಪಂಡಿತರು ಒಪ್ಪಿದ ದಸ್ತಾವೇಜೂ ಹೀಗೇ ಹೇಳುತ್ತದೆ. ಏಕೆಂದರೆ ಮತ್ತೆ ಕೊಡುವುದೆಂದರೆ ಒಬ್ಬರ ಆಚರಣೆಯನ್ನು ಸೇರಿಸುವುದಲ್ಲ, ಇನ್ನೊಬ್ಬರದನ್ನು ಅಳಿಸುವುದು.

"ಎಲ್ಲವನ್ನೂ ಸಹಿಸಿಕೊಂಡು ಹೋಗಿ, ಅದೇ ಐಕ್ಯ" ಎಂದು ನಾನು ಹೇಳುತ್ತಿದ್ದೇನೆಂದು ತಿಳಿಯಬೇಡಿ. ರೋಮಾಪುರದವರಿಗೆ, "ಒಬ್ಬ ಎಲ್ಲವನ್ನೂ ತಿನ್ನುತ್ತಾನೆ, ಇನ್ನೊಬ್ಬ ಕಾಯಿಪಲ್ಯ ಮಾತ್ರ ತಿನ್ನುತ್ತಾನೆ, ಇರಲಿ ಬಿಡಿ" ಎಂದು ಅಷ್ಟು ಮೃದುವಾಗಿ ಬರೆದ ಪೌಲ, ಅಂತಿಯೋಕ್ಯದಲ್ಲಿ ಎಲ್ಲರೆದುರು ಪೇತ್ರನ ಮುಖಕ್ಕೆ ಹೊಡೆದಂತೆ ಮಾತಾಡಿದ. ಪೇತ್ರ ಮಾಡಿದ್ದೇನು? ಸಿದ್ಧಾಂತ ಬದಲಿಸಲಿಲ್ಲ, ಸುಳ್ಳು ಬೋಧಿಸಲಿಲ್ಲ. ಅನ್ಯಜನರ ಜೊತೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದವನು, ಯೆರೂಸಲೇಮಿನಿಂದ ಯಾಕೋಬನ ಕಡೆಯ ಯೆಹೂದ್ಯ ವಿಶ್ವಾಸಿಗಳು ಬಂದೊಡನೆ ಹೆದರಿ ಎದ್ದು ಬೇರೆ ಕೂತ. ಅವನನ್ನು ನೋಡಿ ಪೌಲನ ಜೊತೆಗಾರ ಬಾರ್ನಬನೂ ಎದ್ದ. ಅಷ್ಟಕ್ಕೇ ಪೌಲ ಸಿಡಿದ. ತಟ್ಟೆಯಲ್ಲಿ ಏನಿದೆ ಎಂಬ ವಿಷಯದಲ್ಲಿ ಅಷ್ಟು ಸಡಿಲವಾಗಿದ್ದ ಮನುಷ್ಯ, ಪಂಕ್ತಿಯಿಂದ ಯಾರು ಎದ್ದು ಹೋದರು ಎಂಬ ವಿಷಯದಲ್ಲಿ ಕಬ್ಬಿಣದಂತಿದ್ದ. ನನ್ನ ಇಷ್ಟು ವರ್ಷಗಳ ಓದಿನಲ್ಲಿ ನನಗೆ ದಕ್ಕಿದ ಒಂದೇ ಕೀಲಿಕೈ ಇದು. ಅದಕ್ಕೇ ಜಾತಿಯ ಕಾರಣಕ್ಕೆ ಪ್ರಭುಭೋಜನದ ಪಾತ್ರೆಯನ್ನು ಬೇರೆ ಮಾಡಿದವರು "ಇದು ನಮ್ಮ ಮನಸ್ಸಾಕ್ಷಿ" ಎಂದಾಗ ನಮ್ಮ ಸಭೆ ಒಪ್ಪಬಾರದಿತ್ತು. 1833ರಲ್ಲೇ ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಸಭೆಯೊಳಗೆ ಜಾತಿಯನ್ನು ಬಿಟ್ಟೇಬಿಡಬೇಕು ಎಂದು ಬರೆದರು. ಆ ಮಾತು ಎಲ್ಲ ಕಡೆ ಪೂರ್ತಿ ನಡೆದಿಲ್ಲವೆಂಬುದು ನಮ್ಮ ನಾಚಿಕೆ.

ಆದ್ದರಿಂದ ನಿಮ್ಮ ಹಿರಿಯ ಮಗನಿಗೆ ಕೇಳಬೇಕಾದ ಪ್ರಶ್ನೆ ಹೋಳಿಗೆಯದಲ್ಲ. "ಅಪ್ಪಾ, ನೀನು ನಮ್ಮ ಪಂಕ್ತಿಯಲ್ಲಿ ಇದ್ದೀಯೋ ಇಲ್ಲವೋ?" ಎಂಬುದು. ಕಿರಿಯವನಿಗೂ ಅದೇ ಪ್ರಶ್ನೆ. "ಮನೆಗೆ ಬರಬೇಡ" ಎಂದವನೂ ಪಂಕ್ತಿ ಒಡೆದವನೇ. ಆದರೆ ಅವನ ಸಿಟ್ಟಿನ ಬೇರನ್ನೂ ನೋಡಿ. ಬೆಂಗಳೂರಿಗೆ ಹೋಗುವವನು ರಾತ್ರಿ ಬಸ್ಸು ಹತ್ತುತ್ತಾನೆ. ಮರುದಿನ ಬೆಳಿಗ್ಗೆ ಅದೇ ಮೆಟ್ಟಿಲ ಮೇಲೆ ಕಾಕುವಿನ ಮುಖ ನೋಡಬೇಕಾದವನು ಕಿರಿಯವನು. ಹಿರಿಯವನ ಬಿಗಿತಕ್ಕೂ ಬೇರಿದೆ. ದೊಡ್ಡ ಊರಿನಲ್ಲಿ ಒಂಟಿಯಾಗಿದ್ದಾಗ ಅವನನ್ನು ಹೆಸರು ಹಿಡಿದು ಕರೆದು ಕೂರಿಸಿದವರು ಆ ಸಭೆಯವರಿರಬೇಕು. ಹೊಸದಾಗಿ ನಂಬಿಕೆ ಚಿಗುರಿದಾಗ ಬೇಲಿ ಗಟ್ಟಿಯಾಗಿರಬೇಕೆಂದು ಅನ್ನಿಸುವುದು ಸಹಜ. ಮನಸ್ಸಾಕ್ಷಿ ಎಂಬ ನಮ್ಮ ಕನ್ನಡದ ಮಾತೇ ಎಷ್ಟು ಚೆನ್ನಾಗಿದೆ ನೋಡಿ: ಅದು ಸಾಕ್ಷಿ, ನ್ಯಾಯಾಧೀಶನಲ್ಲ. ಅದರ ಮಾತನ್ನು ಕಡೆಗಣಿಸುವಂತಿಲ್ಲ, ಹಾಗೆಂದು ತೀರ್ಪು ಕೊಡುವ ಪೀಠ ಅದರದ್ದಲ್ಲ. ನನ್ನ ಮನಸ್ಸಾಕ್ಷಿ ನನ್ನನ್ನು ಚುಚ್ಚುತ್ತಿಲ್ಲ, ಅಷ್ಟರಿಂದ ನಾನು ನಿರ್ದೋಷಿಯಾಗಲಿಲ್ಲ ಎಂದು ಪೌಲನೂ ತನ್ನ ಬಗ್ಗೆ ಹೇಳಿಕೊಂಡಿದ್ದಾನೆ.

ಈಗ ದಾರಿಗಳ ಮಾತು. ಹಬ್ಬಕ್ಕೆ ಇಬ್ಬರನ್ನೂ ಬೇರೆ ಬೇರೆ ದಿನ ಕರೆಯಬಹುದು. ಈ ವರ್ಷದ ಮಟ್ಟಿಗೆ ಶಾಂತಿ ಸಿಗುತ್ತದೆ, ಆದರೆ ಒಮ್ಮೆ ರೂಢಿಯಾದ ಬೇರೆ ದಿನ ಮುಂದೆ ಬೇರೆ ಮನೆಯಾಗುವುದನ್ನೇ ನಾನು ಹೆಚ್ಚು ಕಂಡಿದ್ದೇನೆ. ಇದನ್ನು ಕೊನೆಗೆ ಇಟ್ಟುಕೊಳ್ಳಿ.

ಅದಕ್ಕಿಂತ ನಿಮ್ಮ ಮನೆಗೆ ನೀವೇ ಒಂದು ಕಟ್ಟಳೆ ಮಾಡಿ. ಯಾರು ಏನೇ ತಂದುಕೊಟ್ಟರೂ ಎರಡೂ ಕೈಯಲ್ಲಿ ತೆಗೆದುಕೊಳ್ಳುವುದು ನಿಮ್ಮ ಕೆಲಸ. ತಿನ್ನುವುದು ಬಿಡುವುದು ಅವರವರದು. ತಿಂದವನನ್ನು ತಿನ್ನದವನು ಕೇಳಕೂಡದು, ತಿನ್ನದವನನ್ನು ತಿಂದವನು ಕೆಣಕಕೂಡದು. ಇದರಲ್ಲಿ ಒಂದು ತೊಡಕಿದೆ: ತಿನ್ನದೆ ತೆಗೆದುಕೊಳ್ಳುವುದು ಕಾಕುವಿಗೆ ಮೋಸವಲ್ಲವೇ ಎಂದು ಹಿರಿಯವನು ಕೇಳಬಹುದು. ನ್ಯಾಯವಾದ ಮಾತು. ಹಾಗನ್ನಿಸಿದರೆ ಅವನೇ ಅವರ ಮನೆಗೆ ಹೋಗಿ, "ಕಾಕು, ಪೂಜೆಗೆ ಮಾಡಿದ್ದನ್ನು ನಾನು ತಿನ್ನುವುದಿಲ್ಲ, ಬೇರೆ ದಿನ ನಿಮ್ಮ ಕೈಯ ರೊಟ್ಟಿ ಉಣ್ಣಲು ಬರುತ್ತೇನೆ" ಎಂದು ಹೇಳಲಿ. ದೇವರ ವಿಷಯದಲ್ಲಿ ಗಟ್ಟಿಯಾಗಿರುವವರನ್ನು ನಮ್ಮ ಊರ ಜನ ಗೌರವಿಸುತ್ತಾರೆ. ಮಡಿ, ವ್ರತ ಅವರಿಗೇನು ಹೊಸದಲ್ಲ. ಕಾಕುವಿಗೆ ನೋವಾದದ್ದು ಮುಖದ ಮೇಲೆ ಬಾಗಿಲು ಬಿದ್ದದ್ದಕ್ಕೆ. ಆ ಬಾಗಿಲಿಗಾಗಿ ಅವನು ಕ್ಷಮೆ ಕೇಳಬೇಕು. ನಂಬಿಕೆಗಾಗಿ ಕೇಳಬೇಕಿಲ್ಲ.

ಪ್ರಭುಭೋಜನಕ್ಕೆ ಒತ್ತಾಯ ಬೇಡ. ಒಪ್ಪದ ಮನಸ್ಸಿನಿಂದ ಕೈಚಾಚಿಸಿದರೆ ನನ್ನ ಕಡಬಿನ ಕಥೆಯೇ ಮರಳುತ್ತದೆ. ಅವನು ಆರಾಧನೆಗೆ ಬಂದು ನಿಮ್ಮ ಪಕ್ಕದಲ್ಲಿ ಕೂತರೆ ಸಾಕು. ನೀವು ಮುಂದೆ ಹೋಗಿ ಬರುವಾಗ ಅವನು ತಲೆಬಾಗಿ ಪ್ರಾರ್ಥಿಸಲಿ. ನೋವಾಗುತ್ತದೆ, ಮೊಮ್ಮಕ್ಕಳು ಕಾರಣ ಕೇಳುತ್ತಾರೆ. ಆ ನೋವನ್ನು ಮುಚ್ಚಿಡಬೇಡಿ, ಒಡೆದ ಸಭೆಯ ನಿಜವಾದ ನೋವು ಅದು. ಇದರಲ್ಲಿರುವ ಅಪಾಯ, ಪಕ್ಕದಲ್ಲಿ ಕೂರುವುದೂ ಮುಂದೊಂದು ದಿನ ನಿಲ್ಲಬಹುದು ಎಂಬುದು. ಅದಕ್ಕೆ ಮನೆಯ ಊಟಕ್ಕೆ ಮೊದಲು ಅವನಿಂದಲೇ ಪ್ರಾರ್ಥನೆ ಮಾಡಿಸಿ, ರೊಟ್ಟಿ ಮುರಿದು ಕೊಡಲಿ. ನಿಮ್ಮ ಸಭಾಪಾಲಕರೂ ಅವನ ಪಾಸ್ಟರರೂ ಒಮ್ಮೆ ಫೋನಿನಲ್ಲಾದರೂ ಮಾತಾಡುವಂತೆ ಮಾಡಿ.

ದೀಕ್ಷಾಸ್ನಾನದ ಬಗ್ಗೆ ಮಗನ ವಾದವನ್ನು ಒಮ್ಮೆ ಪೂರ್ತಿ ಕೂತು ಕೇಳಿ, ಅಡ್ಡ ಬಾಯಿ ಹಾಕದೆ. ಕೇಳಿದ ಮೇಲೆ ನಿಮ್ಮ ಮನಸ್ಸು ಅಲುಗದಿದ್ದರೆ ಹಾಗೆಂದು ಹೇಳಿ ಅಲ್ಲಿಗೆ ನಿಲ್ಲಿಸಿ. ಹೊಸ ವರ್ಷದ ಒಡಂಬಡಿಕೆಯ ಆರಾಧನೆ ನಿಮ್ಮ ಸಭೆಯಲ್ಲಿ ನಡೆಯುವುದಾದರೆ ಅವನನ್ನು ಕರೆಯಿರಿ. ತಾಯಿ ತನ್ನ ಬಾಯಿಂದ ತನ್ನನ್ನು ಕ್ರಿಸ್ತನಿಗೆ ಒಪ್ಪಿಸಿಕೊಳ್ಳುವುದನ್ನು ಅವನು ಕಿವಿಯಾರೆ ಕೇಳಲಿ. ಅವನು ಬಯಸುವುದು ಅದನ್ನೇ ಇರಬೇಕು. ಒಂದು ಮಾತು ಮಾತ್ರ ಗಮನದಲ್ಲಿರಲಿ. ಅವನ ಸಭೆಯವರು ತಾಯಿಯ ಸಂಬಂಧ ಕಡಿದುಕೋ ಎಂದೋ, ಕಾಯಿಲೆಗೆ ಔಷಧಿ ಬೇಡವೆಂದೋ, ಮನೆ ಆಸ್ತಿ ಮಾರಿ ಕೊಡು ಎಂದೋ ಹೇಳುತ್ತಿದ್ದರೆ ಅದು ಮನಸ್ಸಾಕ್ಷಿಯ ಭೇದವಲ್ಲ. ಆಗ ಸುಮ್ಮನಿರದೆ ನನಗೆ ಮತ್ತೆ ಬರೆಯಿರಿ.

ಈ ಸಲ ಕ್ರಿಸ್ಮಸ್ಸಿಗೆ ನೀವು ಕರ್ಚಿಕಾಯಿ, ಚಕ್ಕುಲಿ ಮಾಡಿದಾಗ ಕಾಕುವಿನ ಮನೆಯ ತಟ್ಟೆಯನ್ನು ನೀವು ಒಯ್ಯಬೇಡಿ, ಕಿರಿಯವನೂ ಒಯ್ಯುವುದು ಬೇಡ. ಹಿರಿಯ ಮಗ, ಸೊಸೆಯ ಕೈಯಲ್ಲಿ ಕಳಿಸಿ. ಕಾಕು ಒಳಗೆ ಕರೆದು ಕೂರಿಸಿ ಏನಾದರೂ ಕೊಟ್ಟರೆ ಏನು ಮಾಡಬೇಕೆಂದು ಅವರೇ ತೀರ್ಮಾನಿಸಲಿ. ನೀವು ಬಾಗಿಲಲ್ಲಿ ನಿಂತು ನೋಡಬೇಡಿ.